ರಟ್ಟು ಮಾಮನ ಮನೆಯಲ್ಲಿ ಮತದಾನ

ಶಾಲೆಯ ಸೂರು ಸೋರಿದ್ದೇ ಎಲ್ಲ ಫಜೀತಿಗೂ ಮೂಲ. ಮತಗಟ್ಟೆಗೆ ಬೇರೆ ಜಾಗ ಹುಡುಕುತ್ತ ಗುಮಾಸ್ತ ಬೀದಿಗೆ ಬಂದಾಗ, ಬೇರೆಯವರು ಬಾಯಿ ತೆರೆಯುವ ಮೊದಲೇ ರಟ್ಟು ಮಾಮ, "ನನ್ನ ಮುಂದಿನ ಕೋಣೆ ತಗೊಳ್ಳಿ ಸ್ವಾಮಿ," ಎಂದುಬಿಟ್ಟ.

ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಸೂಜಿ, ದಾರ, ಅಂಟು, ಯಾವುದೂ ಸದ್ದು ಮಾಡುವ ಸಾಮಾನಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೂ ನಿಂತಿತ್ತು. ಒಂದು ದಿನವಾದರೂ ಕೋಣೆ ತುಂಬ ಜನರಿರಲಿ, ನಡುವೆ ತಾನೂ ಕೂತು ನಾಲ್ಕು ಮಾತಾಡಬೇಕು ಎಂಬುದಷ್ಟೇ ಅವನ ಆಸೆ. ಮತ ಗುಟ್ಟಾಗಿರಲೆಂದು ರಟ್ಟಿನ ಮರೆಯನ್ನೂ ತಾನೇ ಮಾಡಿ ನಿಲ್ಲಿಸಿದ.

ಆ ದಿನ ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ಮದುವೆಮನೆಯ ಹಿರಿಯನಂತೆ ಬಾಗಿಲಲ್ಲಿ ನಿಂತ. ಒಳಗೆ ಕೂತಿದ್ದ ಮತಗಟ್ಟೆಯ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

"ಯಾರ್ರೀ ನೀವು?"

"ಈ ಮನೆಯವನು."

"ಮತ ಹಾಕೋರು, ನಾವು, ಇಷ್ಟೇ ಜನ ಒಳಗಿರ್ಬೇಕು. ಆಚೆ ನಡೀರಿ."

"ನನ್ನ ಕುರ್ಚಿ ಮೇಲೆ ಕೂತ್ಕೊಂಡು ನನ್ನನ್ನೇ ಆಚೆ ಅಂತೀರಲ್ಲ!"

"ಕುರ್ಚಿ ಚೆನ್ನಾಗಿದೆ. ನಡೀರಿ."

ಒಳಗೆ ಹೋಗಲು ಉಳಿದದ್ದು ಸಾಲೊಂದೇ. ನಿಂತ. ಸಾಲಿನಲ್ಲಿ ಎಂಥ ವಿಶ್ವಾಸ! ಟೈಲರ್ ತನ್ನ ಮೊಣಕಾಲಿನ ಪುರಾಣವನ್ನೆಲ್ಲ ಬಿಚ್ಚಿದ. ಮಾಮ ಪಾಯಸ ಕುಡಿದಂತೆ ಕೇಳಿದ. ಬಾಗಿಲು ಹತ್ತಿರವಾದಷ್ಟೂ ಅವನಿಗೆ ಕಸಿವಿಸಿ. ಮತ ಹಾಕಿದರೆ ಮಾತು ಮುಗಿಯಿತಲ್ಲ! "ಕಾಲುನೋವಿನೋರು ಮೊದಲು ಹೋಗಿ," ಎಂದು ಟೈಲರನನ್ನು ಮುಂದೆ ಬಿಟ್ಟ. ಮಗು ಎತ್ತಿಕೊಂಡವಳನ್ನು ಬಿಟ್ಟ. ಆಮೇಲೆ ಸಿಕ್ಕವರನ್ನೆಲ್ಲ ಬಿಟ್ಟ. ಸಂಜೆ ಕೊನೆಯವಳಾಗಿ ಪಕ್ಕದ ಮನೆಯಾಕೆ ಬಂದಳು.

"ಅರೆ ಮಾಮ! ನೋಡಿ ಎಷ್ಟು ಕಾಲ ಆಯ್ತು!"

ಇಬ್ಬರ ನಡುವೆ ಇರುವುದು ಒಂದೇ ಗೋಡೆ. ಯಾವ ನೋವೂ ಇಲ್ಲದ ಅವಳನ್ನೂ ಮುಂದೆ ಬಿಟ್ಟು, ಕಡೆಗೆ ಮಾಮ ಒಳಹೊಕ್ಕ.

ಅಧಿಕಾರಿ ಪಟ್ಟಿಯ ಮೇಲೆ ಬೆರಳು ಓಡಿಸಿದರು. "ನಿಮ್ಮ ಹೆಸರು ಹೊಡೆದುಹಾಕಿದ್ದಾರಲ್ರೀ. 'ಮನೆ ಖಾಲಿ, ಯಾರೂ ವಾಸವಿಲ್ಲ.' ಪಕ್ಕದ ಮನೇಲಿ ವಿಚಾರಿಸಿ ಬರೆದದ್ದು."

ಬೆರಳಿನ ಶಾಯಿ ಊದಿ ಆರಿಸಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಒಂದು ಕೆಮ್ಮಾದ್ರೂ ಕೇಳ್ಬಾರ್ದಾ ಮಾಮ? ಊರು ಬಿಟ್ರೇನೋ ಅಂದ್ಕೊಂಡೆ!"

"ಕೆಮ್ಮೇ ಬರ್ಲಿಲ್ಲಮ್ಮ," ಎಂದ ಮಾಮ, ತಪ್ಪು ತನ್ನದೇ ಎಂಬಂತೆ.

ಅವಳು ಒಲೆಯ ಮೇಲೆ ಹಾಲಿದೆಯೆಂದು ಓಡಿದಳು. ಹೊತ್ತು ಮುಗಿಯಿತು. ಪೆಟ್ಟಿಗೆ ಆಚೆ ಬಂತು, ಮಾಮನೂ ಆಚೆ ಬಂದ. ಅಧಿಕಾರಿ ಬಾಗಿಲಿಗೆ ಬೀಗ ಜಡಿದರು.

"ಬೀಗದ ಕೈ ಕೊಡಿ ಸ್ವಾಮಿ."

"ವಾಸ ಇರೋರಿಗೆ ಮಾತ್ರ ಕೊಡ್ಬೇಕು. ಪಟ್ಟಿ ಪ್ರಕಾರ ಇಲ್ಲಿ ಯಾರೂ ಇಲ್ಲ. ನಾಳೆ ಕಚೇರಿಗೆ ಬಂದು ಮನೆಪತ್ರ ತೋರಿಸಿ ತಗೊಳ್ಳಿ."

"ಮನೆಪತ್ರ ಒಳಗಿದೆ."

ಬೀದಿಯ ಬಾಗಿಲುಗಳೆಲ್ಲ ಆಗಲೇ ಮುಚ್ಚಿದ್ದವು. ಅಧಿಕಾರಿ ಬೀಗವನ್ನು ಎರಡು ಸಲ ಜಗ್ಗಿ ನೋಡಿದರು.

"ಹಾಗಾದ್ರೆ ಭದ್ರವಾಗಿದೆ ಬಿಡಿ," ಎಂದು ಗಾಡಿ ಹತ್ತಿದರು.