ಮಾಮಾ ಹಾಕಿದ ಮಾರ್ಕು

ನಮ್ಮ ಮಾಮಾನ ಮನೆಯಲ್ಲಿ ಚಹಾ ಕುಡಿದು ಪಾಸಾಗಿ ಹೊರಬಂದವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳಲ್ಲಿ ಒಬ್ಬರೂ ಇಲ್ಲ! ಚಹಾ ಕುಡಿಯುವುದರಲ್ಲಿ ಪಾಸು ನಾಪಾಸು ಎಂಥದ್ದು ಎಂದು ಕೇಳುತ್ತೀರಾ? ಕೇಳಿದ ತಪ್ಪಿಗೆ ನಿಮ್ಮದೂ ಐದು ಮಾರ್ಕು ಹೋಯಿತು. ಬಿಸ್ಕೀಟು ಅದ್ದುವಾಗ ಮುರಿದು ಬಟ್ಟಲಿಗೆ ಬಿತ್ತೋ, 'ವಸ್ತು ನಿರ್ವಹಣೆ'ಯಲ್ಲಿ ಸೊನ್ನೆ. ಅವಸರ ಮಾಡಿ ನಾಲಿಗೆ ಸುಟ್ಟುಕೊಂಡಿರೋ, 'ವೇಳೆಯ ನಿರ್ವಹಣೆ'ಯಲ್ಲಿ ಸೊನ್ನೆ. ಬಿದ್ದ ಬಿಸ್ಕೀಟನ್ನು ಬೆರಳು ಹಾಕಿ ತೆಗೆಯಲು ಹೋದಿರೋ, ಅದು 'ಆಪತ್ತಿನ ನಿರ್ವಹಣೆ'. ಅಲ್ಲಿಗೆ ನಿಮ್ಮ ಕಥೆ ಮುಗಿಯಿತು.

ಮಾಮಾ ಎಂದರೆ ನಮ್ಮವ್ವನ ತಮ್ಮ. ಮುದ್ದೇಬಿಹಾಳದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರಾಗಿ ನಿವೃತ್ತರಾದವರು. ನೌಕರಿಯಲ್ಲಿದ್ದಾಗ ಒಮ್ಮೆ ಅವರನ್ನು ಮೂರು ದಿನದ ವ್ಯಕ್ತಿತ್ವ ವಿಕಸನ ತರಬೇತಿಗೆ ಕಳಿಸಿದ್ದರು. ಇಂಥ ತರಬೇತಿಗೆ ಮಾಸ್ತರರು ಯಾತಕ್ಕೆ ಹೋಗುತ್ತಾರೆ? ಮಧ್ಯಾಹ್ನದ ಊಟಕ್ಕೆ, ಪುಕ್ಕಟೆ ಫೈಲಿಗೆ. ಹಿಂದಿನ ಬೆಂಚಿನಲ್ಲಿ ಒಂದಿಷ್ಟು ನಿದ್ದೆಯೂ ಆಗುತ್ತದೆ. ನಮ್ಮ ದುರ್ದೈವಕ್ಕೆ ಮಾಮಾ ಮೂರೂ ದಿನ ಕಣ್ಣು ಪಿಳುಕಿಸದೆ ಕೇಳಿಬಂದರು! ಅಂದಿನಿಂದ ಆ ನೀಲಿ ಫೈಲು ಅವರ ಬಗಲು ಬಿಟ್ಟಿಲ್ಲ. ಎದುರಿಗೆ ಕೂತವರ ಸಿಟ್ಟು, ಮಾತು, ಹೊಟ್ಟೆ, ವೇಳೆ, ಎಲ್ಲದಕ್ಕೂ ಅದರಲ್ಲಿ ಒಂದೊಂದು ಅಂಕಣ.

ಒಮ್ಮೆ ವಿಮೆಯ ಏಜೆಂಟನೊಬ್ಬ ಬಂದು ಒಂದು ತಾಸು ಉಸಿರು ಬಿಡದೆ ಮಾತಾಡಿದ. ಮಾಮಾ ಶಾಂತವಾಗಿ ಕೇಳಿ, ಫೈಲು ಮುಚ್ಚಿ, "ಮಾತಿನ ಮ್ಯಾನೇಜ್‌ಮೆಂಟಿನ್ಯಾಗ ನಿಮಗ ನೂರಕ್ಕ ಇಪ್ಪತ್ತೆಂಟು ಬಿದ್ದಾವ್ರಿ. ಮರುಪರೀಕ್ಷಾಕ್ಕ ಬರೂ ಸೋಮವಾರ ಬರ್ರಿ" ಎಂದರು. ಆ ಮನುಷ್ಯ ಸೋಮವಾರ ಬರಲಿಲ್ಲ. ಆಮೇಲೆ ಆ ಓಣಿಗೇ ಕಾಲಿಡಲಿಲ್ಲ. ಓಣಿಯವರೆಲ್ಲ ಬಂದು ಮಾಮಾನಿಗೆ ಕೈಮುಗಿದು ಹೋದರು.

ಬಸವನ ಬಾಗೇವಾಡಿಯಲ್ಲಿ ಬೀಗರ ಮನೆಯ ಲಗ್ನ. ಮದುಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತು. ಹುಡುಗಿ ತಾಯಿಯ ಕೊರಳಿಗೆ ಬಿದ್ದು ಅಳುತ್ತಿದ್ದಾಳೆ, ನೆರೆದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಮಾಮಾ ಮಾತ್ರ ಕೈಗಡಿಯಾರ ನೋಡುತ್ತಿದ್ದಾರೆ! "ಗಾಡಿ ಇನ್ನೂ ಬಂದಿಲ್ಲ, ಈಗ್ಲೇ ಎಲ್ಲಾ ಅತ್ತು ಮುಗಿಸಿದ್ರ ಗಾಡಿ ಬಂದಾಗ ಏನ್ ಮಾಡ್ತಿ ತಂಗಿ? ಕಣ್ಣೀರಿನ ಮ್ಯಾನೇಜ್‌ಮೆಂಟ್ ಬೇಕವಾ" ಎಂದರು. ಅಳುತ್ತಿದ್ದ ಹುಡುಗಿ ಫಕ್ಕನೆ ನಕ್ಕಳು. ನಗುತ್ತಲೇ ಗಾಡಿ ಹತ್ತಿದಳು. ತವರು ಬಿಡುವಾಗ ಮಗಳು ನಕ್ಕಳಲ್ಲ ಎಂದು ಆಕೆಯ ತಾಯಿ ಮಾಮಾನ ಜೊತೆ ಒಂದು ವರ್ಷ ಮಾತು ಬಿಟ್ಟಳು.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಮಾಮಾನಿಗೆ ಇನ್ನೊಂದು ಹುಚ್ಚಿತ್ತು. ಅದೇ ಅನುವಂಶೀಯತೆ! ನಡುಮನೆಯ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹಾಳೆ ಅಂಟಿಸಿ, ಅದರಲ್ಲಿ ನಮ್ಮ ಇಡೀ ಮನೆತನವನ್ನು ಬರೆದಿದ್ದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಒಳಗೆ ಹೆಸರು, ಕೆಳಗೆ ಕುಂದು. 'ಬೋಳುತಲೆ', 'ಗೊರಕೆ', 'ಸಕ್ಕರೆ ಕಾಯಿಲೆ', 'ಹಠ'. ಮಾಮಾ ತಮ್ಮ ಸ್ವಂತ ಅಕ್ಕನ ಮಗಳನ್ನೇ, ಅಂದರೆ ನಮ್ಮ ದೊಡ್ಡವ್ವನ ಮಗಳನ್ನೇ ಲಗ್ನವಾದವರು. ನಮ್ಮ ಕಡೆ ಅದೇನೂ ಹೊಸದಲ್ಲ ಬಿಡಿ. ಹೀಗಾಗಿ ಆಕೆ ನನಗೆ ಅತ್ತಿಯೂ ಹೌದು, ಅಕ್ಕನೂ ಹೌದು. ಆ ಭಾಗಕ್ಕೆ ಬಂದಾಗ ಹಾಳೆಯ ಮೇಲಿನ ಗೆರೆಗಳು ಜಿಲೇಬಿಯಾಗಿದ್ದವು.

ಇಂಡಿಯಿಂದ ನಮ್ಮ ಕಾಕಾ ಒಂದು ಚೀಲ ನಿಂಬೆಹಣ್ಣು ತೆಗೆದುಕೊಂಡು ಬಂದಿದ್ದರು. ಹಠಕ್ಕೆ ಹೆಸರಾದವರು. ಮಾಮಾ ಅವರನ್ನು ಹಾಳೆಯ ಮುಂದೆ ನಿಲ್ಲಿಸಿ ಕೋಲಿನಿಂದ ತೋರಿಸಿದರು.

"ನೋಡ್ರಿ, ನಿಮ್ಮ ಹಠ ನಿಮ್ಮದಲ್ಲ. ನಿಮ್ಮಜ್ಜಂದು. ರಕ್ತದಾಗ ಬಂದೈತಿ."

"ಹೌದೇನ್ರಿ ಮಾಸ್ತರ? ಹಂಗಾದ್ರ ನಂದೇನೂ ತಪ್ಪಿಲ್ಲ?"

"ಏನೂ ಇಲ್ಲ."

ಮಾಮಾ ಬಾಯ್ತಪ್ಪಿ ಆಡಿದ ಮಾತು! ಕಾಕಾ ಆ ಒಂದು ಮಾತು ಕಟ್ಟಿಕೊಂಡು ಹೋಗಿ ಮನೆಯಲ್ಲಿ ಮೊದಲಿನ ಎರಡರಷ್ಟು ಹಠ ಮಾಡತೊಡಗಿದರು. ನಾನೂ ಪಿಯುಸಿಯಲ್ಲಿ ಗಣಿತ ಹೋದಾಗ, "ಅಪ್ಪಾ, ಇದು ನಿನ್ನ ಕಡಿಂದ ಬಂದೈತಿ" ಎಂದು ಹೇಳಿ ನೋಡಿದೆ. ಅಪ್ಪ ಬಗ್ಗಿ ಕಾಲಿನ ಚಪ್ಪಲಿ ತೆಗೆದರು. ಸಿಟ್ಟೂ ಅವರಿಗೆ ರಕ್ತದಲ್ಲೇ ಬಂದಿತ್ತು.

ಆ ಹಾಳೆಯಲ್ಲಿ ಮಾಮಾ ಮತ್ತು ಅತ್ತಿಯ ಕೆಳಗೆ ಎರಡು ಸೊನ್ನೆಗಳಿದ್ದವು. ಒಂದರೊಳಗೆ ಅವರ ಮಗಳ ಹೆಸರು. ಅದರ ಪಕ್ಕದ ಸಣ್ಣದು ಖಾಲಿ. ಹೆಸರೂ ಇಲ್ಲ, ಕುಂದೂ ಇಲ್ಲ. "ಇದೇನ್ರಿ ಮಾಮಾ?" ಎಂದರೆ, "ಶಾಹಿ ಬಿದ್ದೈತಿ" ಎನ್ನುತ್ತಿದ್ದರು. ಶಾಹಿ ಅಷ್ಟು ದುಂಡಗೆ ಹೇಗೆ ಬಿದ್ದೀತು ಎಂದು ನನಗೆ ಹೊಳೆಯಲೇ ಇಲ್ಲ ನೋಡಿ.

ಈಗ ನನ್ನ ಕಥೆಗೆ ಬರೋಣ. ಸಿಂದಗಿಯ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಮಾಮಾನ ಮಗಳು ಹುಟ್ಟಿದಾಗ ನನಗೆ ಮೂರು ವರ್ಷ. ಅವ್ವ ನನ್ನನ್ನು ಎತ್ತಿ ತೊಟ್ಟಿಲಲ್ಲಿ ಇಣುಕಿಸಿ, "ತಮ್ಮಾ, ಇಕಿ ನಮ್ಮನಿ ಸೊಸಿ" ಎಂದು ಅಂದೇ ಮಾತು ಮುಗಿಸಿದ್ದಳಂತೆ. ಸೋದರಮಾವನ ಮಗಳು ಎಂದು ಒಂದು ಹಕ್ಕು, ಅಕ್ಕನ ಮಗಳು ಎಂದು ಇನ್ನೊಂದು ಹಕ್ಕು. ಎರಡು ಕಡೆಯಿಂದ ಹಕ್ಕಿದ್ದ ಮೇಲೆ ಯಾರು ತಡೆಯುತ್ತಾರೆ ಎಂದು ನಾನೂ ನಿಶ್ಚಿಂತೆಯಿಂದ ಬೆಳೆದೆ.

ಲಗ್ನದ ಮಾತು ಎದ್ದಾಗ ಮಾಮಾ ನನ್ನನ್ನು ಮುದ್ದೇಬಿಹಾಳಕ್ಕೆ ಕರೆಸಿದರು. "ಒಂದು ವಿಷಯ ಉಳದೈತಿ ನೋಡಲೇ. ಅಂಜಿಕಿ ಮ್ಯಾನೇಜ್‌ಮೆಂಟ್" ಎಂದು ಹೇಳಿ ರಕ್ತ ಪರೀಕ್ಷೆ ಮಾಡುವ ಕಡೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂಡಿಸಿದರು. "ಸೂಜಿ ನೋಡಿ ಅಂಜತಿಯೋ ಇಲ್ಲೋ, ಅಷ್ಟ." ನಾನು ಎದೆಯುಬ್ಬಿಸಿ ತೋಳು ಮುಂದೆ ಚಾಚಿದೆ. ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ಮಲಗಿದ್ದೆ, ಮಾಮಾ ಮುಖಕ್ಕೆ ನೀರು ಹೊಡೆಯುತ್ತಿದ್ದರು. ನಾನು ಬಿದ್ದಾಗ ಸೂಜಿ ಇನ್ನೂ ಕಾಗದದ ಪೊಟ್ಟಣದೊಳಗೇ ಇತ್ತಂತೆ! ಬಿದ್ದ ಮೇಲೆಯೇ ರಕ್ತ ತೆಗೆದರಂತೆ.

ಎರಡು ವಾರದ ನಂತರ ನಮ್ಮ ಮನೆಯಲ್ಲಿ ಮಾತುಕತೆ. ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಮಾಮಾ ಬಸ್ ಇಳಿದವರೇ ನೇರ ನನ್ನ ಅಂಗಡಿಗೆ ಬಂದು ಒಂದು ಹಾಳೆ ಕೊಟ್ಟು, "ಹತ್ತು ಪ್ರತಿ ತಗೀ" ಎಂದರು. ತಿರುವಿ ನೋಡಿದರೆ ನನ್ನದೇ ಮಾರ್ಕ್ಸ್ ಕಾರ್ಡು. ಅಂಜಿಕೆಯಲ್ಲಿ ಸೊನ್ನೆ, ಒಟ್ಟು ಮೂವತ್ತೊಂದು, ನಾಪಾಸು! ನನ್ನ ಅಪಮಾನವನ್ನು ನಾನೇ ನನ್ನ ಕೈಯಾರೆ ಹತ್ತು ಪ್ರತಿ ತೆಗೆದುಕೊಟ್ಟೆ. ದಿನಕ್ಕೆ ಹತ್ತು ಸಲ ಹಾಳೆ ನುಂಗುವ ನನ್ನ ಮಷಿನ್ನು ಅಂದು ಒಂದು ಸಲವೂ ನುಂಗಲಿಲ್ಲ.

ಎಲ್ಲರ ಕೈಗೂ ಒಂದೊಂದು ಪ್ರತಿ ಹೋಯಿತು. ಅವ್ವ ನಕ್ಕಳು. "ಚ್ಯಾಷ್ಟಿ ಸಾಕೋ ತಮ್ಮಾ. ದಿನಾ ಯಾವಾಗ ಇಡೂಣು ಹೇಳು."

"ಚ್ಯಾಷ್ಟಿ ಅಲ್ಲಕ್ಕಾ. ತನ್ನ ತಾನ ಮ್ಯಾನೇಜ್ ಮಾಡ್ಕೊಳ್ಳಾರದಂವಗ ನಾ ಮಗಳನ್ನ ಕೊಡೂದಿಲ್ಲ."

ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ನನ್ನ ಮಗಾ ನಾಪಾಸು?" ಎಂದಳು. "ಹಂಗಾರ ಇವತ್ತಿನಿಂದ ನೀ ನನಗ ತಮ್ಮ ಅಲ್ಲ. ಯಾವನೋ ಒಬ್ಬ ಮಾಸ್ತರ."

ಮಾಮಾ ಹೋಳಿಗೆ ತಿನ್ನದೆ ಹೊರಟುಹೋದರು. ಮುಂದೆ ಮಗಳನ್ನು ಇಂಡಿಯ ಕಡೆ ಕೊಟ್ಟರು. ಆ ಲಗ್ನಕ್ಕೆ ಅವ್ವ ಹೋಗಲಿಲ್ಲ.

ನಮ್ಮ ಕಡೆ ನಾಗರಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯಬೇಕು. ಮುದುಕಿಯಾದರೂ ಹೆಣ್ಣುಮಗಳು ಆ ದಿನ ಬಾಗಿಲು ನೋಡುತ್ತ ಕೂಡುತ್ತಾಳೆ. ಎರಡು ಪಂಚಮಿ ಮಾಮಾ ಉಂಡಿಯ ಡಬ್ಬಿ ಹಿಡಿದುಕೊಂಡು ಬಂದರು. ಎರಡು ಸಲವೂ ಅವ್ವ ಕದ ತೆಗೆಯಲಿಲ್ಲ. ಮಾಮಾ ಡಬ್ಬಿಯನ್ನು ನನ್ನ ಝೆರಾಕ್ಸ್ ಮಷಿನ್ನಿನ ಮೇಲೆ ಇಟ್ಟು, "ಅಕ್ಕ ಆರಾಮ ಅದಾಳಿಲ್ಲೋ?" ಎಂದು ಕೇಳಿ, ಬಂದ ಬಸ್ಸಿಗೇ ಹೊರಳಿ ಹೋದರು. ಉಂಡಿಗಳನ್ನು ನಾನೇ ತಿಂದೆ. ನನ್ನನ್ನು ನಾಪಾಸು ಮಾಡಿದವರ ಉಂಡಿ ಎಂಬ ಸಿಟ್ಟಿನಿಂದಲೇ ತಿಂದೆ, ಒಂದೂ ಬಿಡಲಿಲ್ಲ.

ಕಳೆದ ವರ್ಷ ಮಸೂತಿ ಎಂಬ ಊರಿನ ಹುಡುಗಿಯೊಂದಿಗೆ ನನ್ನ ಲಗ್ನ ಗೊತ್ತಾಯಿತು. ಸುದ್ದಿ ಕೇಳಿದ ಮರುದಿನವೇ ಮಾಮಾ ಅಂಗಡಿಗೆ ಬಂದರು. ಕರೆಂಟು ಹೋಗಿತ್ತು, ಗಿರಾಕಿಗಳಿರಲಿಲ್ಲ. ಫೈಲಿನ ತಳದಿಂದ ಒಂದು ಹಳೆಯ ಲಕೋಟೆ ತೆಗೆದರು.

"ಇದು ನಿನ್ನ ಖರೇ ಮಾರ್ಕು" ಎಂದರು.

ಅದು ಅಂದು ತೆಗೆದ ನನ್ನ ರಕ್ತದ ವರದಿಯಾಗಿತ್ತು. ಥಲಸ್ಸೀಮಿಯಾ ಎಂಬ ಒಂದು ಶಬ್ದದ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಅಂಜಬ್ಯಾಡ. ನಿನಗ ರೋಗ ಇಲ್ಲ. ರೋಗದ ಅರ್ಧ ಬೀಜ ಅಷ್ಟ ಐತಿ. ಅದರಿಂದ ನಿನಗೇನೂ ಆಗೂದಿಲ್ಲ. ಆದ್ರ ನನ್ನ ಮಗಳ ರಕ್ತದಾಗೂ ಅಂಥಾದ್ದ ಅರ್ಧ ಐತಿ. ಎರಡೂ ಕೂಡಿದ್ರ ಹುಟ್ಟೂ ಪ್ರತಿ ಕೂಸಿಗೂ ನಾಕರಾಗ ಒಂದು ಪಾಲು ಅಪಾಯ. ಕೂಸಿನ ಮೈಯಾಗ ರಕ್ತಾನ ನಿಲ್ಲೂದಿಲ್ಲ, ತಿಂಗಳಾ ಬ್ಯಾರೆದವರ ರಕ್ತ ಹಾಕಬೇಕು." ವರದಿಯನ್ನು ಮತ್ತೆ ಲಕೋಟೆಗೆ ಹಾಕುತ್ತ, "ನಮ್ಮ ಮದಲಿನ ಮಗಳು ಹಂಗ ಹೋದ್ಲು" ಎಂದರು.

ನಾನು ಹುಟ್ಟುವ ಮೊದಲೇ ಆ ಮಗು ಕಾಮಾಲೆಯಾಗಿ ತೀರಿತೆಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಸೊಲ್ಲಾಪುರದ ಡಾಕ್ಟರೊಬ್ಬರು ನಿಜವಾದ ಹೆಸರು ಹೇಳಿದ್ದರಂತೆ. ಮಾಮಾ ಅದನ್ನು ಅತ್ತಿಯ ಹೊರತು ಯಾರಿಗೂ ಹೇಳದೆ, ಅಂದೇ ಗೋಡೆಗೆ ಹಾಳೆ ಅಂಟಿಸಿದ್ದರು. ಬೋಳುತಲೆ, ಗೊರಕೆ ಎಲ್ಲ ಮೇಲಿನ ವೇಷ.

"ಮತ್ತ ಆವತ್ತ ಮಂದಿ ಮುಂದ ಹಿಂಗ ಐತಿ ಅಂತ ಅನ್ನಬಾರದಿತ್ತೇನ್ರಿ ಮಾಮಾ?"

"ಅಂದ್ರ ಏನಾಗತಿತ್ತು? ಈ ಮನಿತನದ ರಕ್ತಾನ ಕೆಟ್ಟದ್ದು ಅಂತಿದ್ರು. ನಮ್ಮ ಹುಡುಗ್ಯಾರನ ಯಾರು ಮಾಡ್ಕೋತಿದ್ರು? ನಿಮ್ಮವ್ವ ಅಂತೂ ತನ್ನಿಂದನ ಬಂತು ಅಂತ ಕೊರಗಿ ಸಾಯ್ತಿದ್ಲು. ಅದಕ್ಕಿಂತ ನನ್ನ ಮ್ಯಾಲ ಸಿಟ್ಟಾಗೂದು ಚಲೋ ಅಲ್ಲೇನು? ನನ್ನ ಮಗಳಿಗೆ ಎಲ್ಲಾ ಗೊತ್ತೈತಿ, ಆಕಿ ಗಂಡನ ರಕ್ತಾನೂ ನೋಡಿಸೇ ಲಗ್ನಾ ಮಾಡೇನಿ. ನಿನ್ನ ಕೇಳದನ ನಿನ್ನ ರಕ್ತ ತಗಸಿದ್ದು ಮಾತ್ರ ನಂದ ತಪ್ಪು. ಮಸೂತಿ ಹುಡುಗಿದೂ ಒಂದು ಪರೀಕ್ಷಾ ಮಾಡಸು. ನಿಮ್ಮವ್ವಗ ಹೇಳಬ್ಯಾಡ."

ಮಸೂತಿಯ ಹುಡುಗಿಗೆ ಎಲ್ಲ ಬಿಚ್ಚಿ ಹೇಳಿದೆ. ಆಕೆ ಪರೀಕ್ಷೆಗೆ ತಾನೇ ಮುಂದೆ ನಡೆದಳು. ಸೂಜಿ ಚುಚ್ಚುವಾಗ ಕಣ್ಣು ಸಹ ಮಿಟುಕಿಸಲಿಲ್ಲ. ಪಕ್ಕದಲ್ಲಿ ಧೈರ್ಯ ಹೇಳಲು ನಿಂತಿದ್ದ ನಾನು ಬಿದ್ದೆ! ಆಕೆಯ ವರದಿ ಚೊಕ್ಕಟವಾಗಿ ಬಂತು. ಹಣೆಗೆ ಬುಗುಟಿ ಬಂದದ್ದು ನನಗೆ.

ಆ ಬುಗುಟಿಯೇ ಗುಟ್ಟು ಒಡೆಯಿತು. "ಎಲ್ಲಿ ಬಿದ್ದಿ?" ಎಂದು ಅವ್ವ ಕೇಳಿದಳು. ಒಂದಕ್ಕೊಂದು ಪ್ರಶ್ನೆ ಬೆಳೆದು, ಕೊನೆಗೆ ಮಾಮಾನ ಮಾತು ಮೀರಿ ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಕೇಳಿ ಮುಗಿಸಿ ಎದ್ದು ಹೋಗಿ ಶೇಂಗಾ ಹುರಿಯತೊಡಗಿದಳು.

"ಏನ್ ಮಾಡಾಕತ್ತಿಬೇ?"

"ಉಂಡಿ."

"ಪಂಚಮಿ ಇನ್ನಾ ಮೂರು ತಿಂಗಳ ಐತಿ."

"ನನ್ನ ಪಂಚಮಿ ನಾಳಿಗೈತಿ" ಎಂದಳು.

ಮರುದಿನ ತಾಳಿಕೋಟಿಯ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ ಹೋದೆವು. ದಾರಿಯುದ್ದಕ್ಕೂ ಅವ್ವ ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ. ಮಾಮಾ ನಡುಮನೆಯಲ್ಲಿ ಫೈಲು ಹಿಡಿದು ಕೂತಿದ್ದರು. ಅಕ್ಕನನ್ನು ನೋಡಿ ಎದ್ದು ನಿಂತರು, ಎದ್ದವರಿಗೆ ಮುಂದೇನು ಮಾಡಬೇಕೋ ತಿಳಿಯಲಿಲ್ಲ. ಅವ್ವ ಅವರನ್ನು ದಾಟಿ ನೇರ ಗೋಡೆಯ ಹತ್ತಿರ ಹೋಗಿ, ಆ ಖಾಲಿ ಸೊನ್ನೆಯ ಮೇಲೆ ಬೆರಳಿಟ್ಟಳು.

"ಇದೇನೋ ತಮ್ಮಾ?"

"ಶಾಹಿ ಬಿದ್ದೈತಕ್ಕಾ."

"ಶಾಹಿಗೆ ಒಂದು ಹೆಸರಿತ್ತಲ್ಲೋ. ಗೌರಿ ಅಂತ. ಬಾಣಂತನದಾಗ ನಾನ ನೀರು ಎರದೇನಿ ಅದಕ."

ಮಾಮಾ ಅತ್ತರು. ಹೊತ್ತು ಗೊತ್ತು ನೋಡದೆ, ಮುಖ ಮುಚ್ಚಿಕೊಳ್ಳದೆ, ಸಣ್ಣ ಹುಡುಗರ ಹಾಗೆ ದನಿ ತೆಗೆದು ಅತ್ತರು. ಅಡುಗೆಮನೆಯಿಂದ ಬಂದ ಅತ್ತಿ ಬಾಗಿಲಲ್ಲೇ ನಿಂತುಬಿಟ್ಟರು. ಅವ್ವ ಡಬ್ಬಿ ತೆಗೆದು ಒಂದು ಉಂಡಿಯನ್ನು ತಮ್ಮನ ಬಾಯಿಗಿಟ್ಟಳು. "ಒಬ್ಬಾಂವ ಎಷ್ಟಂತ ಹೊತ್ತಿ?" ಎಂದಳು.

ಏಳುವಾಗ ಅವರ ಫೈಲು ಜಾರಿ ಬಿದ್ದಿತ್ತು. ಎತ್ತಿಕೊಂಡೆ. ಒಳಗೆ 'ಕಣ್ಣೀರು' ಎಂಬ ಅಂಕಣವಿತ್ತು, ಪೆನ್ನೂ ಅಲ್ಲೇ ಇತ್ತು. ನನ್ನನ್ನು ಹತ್ತು ಪ್ರತಿಗಳಲ್ಲಿ ನಾಪಾಸು ಮಾಡಿದವರ ಲೆಕ್ಕ ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿತ್ತೇ?

ಫೈಲು ಮುಚ್ಚಿ, ಪೆನ್ನು ಮಾತ್ರ ತೆಗೆದುಕೊಂಡು ಗೋಡೆಯ ಹತ್ತಿರ ಹೋದೆ. ಅವ್ವನ ಬೆರಳು ಇನ್ನೊಮ್ಮೆ ಆ ಸೊನ್ನೆಯನ್ನು ತೋರಿಸಿತು. ಅದರೊಳಗೆ, ಸಣ್ಣ ಅಕ್ಷರದಲ್ಲಿ, ಗೌರಿ ಎಂದು ಬರೆದೆ.