ಮಗುಚಲು ಒಂದು ಜಾಗ ಬೇಕಾಗಿದೆ

ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಕೂದಲು ನರೆಸಿಕೊಂಡವನು ನಾನು. ಎರಡು ಕಡೆ ವಿಚಾರಿಸದೆ ಯಾವ ಸುದ್ದಿಯನ್ನೂ ಪುಟಕ್ಕೆ ಬಿಟ್ಟವನಲ್ಲ. ಅಂಥವನಿಗೆ ವಿಜಯಪುರದ ಸುತ್ತಮುತ್ತ ಕಯಾಕ್ ಮಗುಚಲು ಒಂದು ಒಳ್ಳೆಯ ಜಾಗ ಹುಡುಕುವುದು ಏನು ಮಹಾ! ನೀರಿರಬೇಕು, ಆಳವಿರಬೇಕು, ನೋಡುವವರು ಇರಬಾರದು. ಬೇಡಿಕೆ ಇಷ್ಟೇ. ಮೊದಲಿನ ಎರಡು ನಮ್ಮ ಕಡೆ ಈಗ ಸಿಗುತ್ತವೆ. ಮೂರನೆಯದು ಸಿಗುವುದಿಲ್ಲ ಎಂದು ಖಚಿತವಾಗುವಷ್ಟರಲ್ಲಿ ನಾನು ಎರಡು ಊರಿನ ನೀರು ಕುಡಿದಿದ್ದೆ.

ಕಯಾಕ್ ಎಂದರೆ ಎರಡೂ ತುದಿ ಚೂಪಾಗಿರುವ, ಒಬ್ಬನೇ ಕಾಲು ಚಾಚಿ ಕೂರುವ ಸಣ್ಣ ದೋಣಿ. ಅದು ಮಗುಚುತ್ತದೆ. ಮಗುಚುವುದೇ ಅದರ ಸ್ವಭಾವ. ತಲೆ ಕೆಳಗಾದಾಗ ದೋಣಿ ಬಿಟ್ಟು ಹೊರಬರದೆ, ಹುಟ್ಟನ್ನು ನೀರಿಗೆ ಒತ್ತಿ, ಸೊಂಟ ತಿರುಗಿಸಿ, ಕೂತಂತೆಯೇ ಮೇಲೆದ್ದು ಬರುವುದಕ್ಕೆ ರೋಲ್ ಎನ್ನುತ್ತಾರೆ. ವಿಡಿಯೋದಲ್ಲಿ ನೋಡಿದರೆ ಮಲಗಿದವನು ಮಗ್ಗುಲು ಬದಲಿಸಿದಷ್ಟು ಸುಲಭ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ಉತ್ತರ: ದಾಂಡೇಲಿ. ಹೋದ ವರ್ಷ ಹೆಂಡತಿಯ ತವರಿನವರ ಜೊತೆ ಅಲ್ಲಿಗೆ ಹೋಗಿದ್ದೆವು. ಹೊಳೆಯಲ್ಲಿ ನನ್ನ ಕಯಾಕ್ ಮಗುಚಿತು. ಗೈಡ್ ಬಂದು ನನ್ನನ್ನು ಕಂಕುಳಿಗೆ ಕೈಹಾಕಿ ಎತ್ತಿದ. ಹೆಂಡತಿಯ ತಮ್ಮ ಸಂಗಣ್ಣ ಅದನ್ನು ಪೂರ್ತಿ ಚಿತ್ರೀಕರಿಸಿದ. ಅಂದಿನಿಂದ ಯಾರ ಹುಟ್ಟುಹಬ್ಬವಿರಲಿ, ಯಾರ ಗೃಹಪ್ರವೇಶವಿರಲಿ, ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭಾಶಯದ ಬೆನ್ನಿಗೇ ಆ ವಿಡಿಯೋ ಬರುತ್ತದೆ. ಈ ವರ್ಷ ಮತ್ತೆ ಅದೇ ದಾಂಡೇಲಿ, ಅದೇ ಮಂದಿ. ಅವರೆಲ್ಲರ ಕಣ್ಣೆದುರು ಮಗುಚಿ, ನಾನಾಗಿಯೇ ಎದ್ದು ಬಂದರೆ ಮಾತ್ರ ಆ ವಿಡಿಯೋ ಸಾಯುತ್ತದೆ.

ಬಾಗಿಲು ಮುಚ್ಚಿದ ರೆಸಾರ್ಟ್ ಒಂದರಿಂದ ಹಳೆಯ ಕಯಾಕ್ ಕೊಂಡೆ. ಕಾರಿನ ಮೇಲೆ ಕಟ್ಟಿಕೊಂಡು ಸಿದ್ಧೇಶ್ವರ ಗುಡಿಯ ಹತ್ತಿರದ ನಮ್ಮ ಓಣಿಗೆ ತಂದಾಗ ಎದುರು ಮನೆಯ ಈರಪ್ಪ ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ದನಕ್ಕ ನೀರಿಡಾಕ ತಂದೀರೇನ್ರಿ? ಭಾಳ ಚಲೋ ಅದ."

"ಇದು ಕ್ರೀಡಾ ಸಲಕರಣೆ" ಎಂದೆ ಗಂಭೀರವಾಗಿ.

"ಇರಲಿ. ಬ್ಯಾಡಾದಾಗ ಹೇಳ್ರಿ."

ಒಳಗೆ ನೀರು ನುಗ್ಗದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ರಬ್ಬರ್ ಹೊದಿಕೆ ದೋಣಿಯ ಜೊತೆಗೇ ಬಂದಿತ್ತು. ಕನ್ನಡಿಯ ಮುಂದೆ ಅದನ್ನು ತೊಟ್ಟು ನೋಡುತ್ತಿದ್ದಾಗ ಹೆಂಡತಿ ಶಾಂತಾ ಬಂದಳು.

"ಏನ್ರಿ ಇದು, ಲಂಗಾ?"

"ಆಫೀಸಿಂದು ಒಂದು ಕೆಲಸ" ಎಂದೆ. ಆಕೆಗೆ ಹೇಳಿದರೆ ಸಂಗಣ್ಣನಿಗೆ ತಲುಪಲು ಎಷ್ಟು ಹೊತ್ತು? ಆಕೆ ನಂಬಿ ಒಳಗೆ ಹೋದಳು. ಇಷ್ಟು ವರ್ಷಗಳಲ್ಲಿ ನನ್ನ ಆಫೀಸಿನ ಬಗ್ಗೆ ಆಕೆಗೆ ಒಂದು ಅಂದಾಜಿದೆ.

ಮೊದಲು ನಗರದ ಈಜುಕೊಳಕ್ಕೆ ಹೋದೆ. ಅಲ್ಲಿನ ಮೇಲ್ವಿಚಾರಕ ಕಾರಿನ ಮೇಲೆ ಕಟ್ಟಿದ್ದನ್ನು ನೋಡಿ, "ಸಾಹೇಬ್ರ, ಇಲ್ಲಿ ಟೋಪಿ ಹಾಕ್ಕೊಂಡು ಬರ್ರಿ ಅಂತ ಬೋರ್ಡ್ ಹಾಕೇವಿ. ಹಡಗ ತರಬ್ಯಾಡ್ರಿ ಅಂತ ಬರಸಬೇಕಂತ ಗೊತ್ತಿರಲಿಲ್ಲ" ಎಂದ. ಮರಳಿದೆ.

ಎರಡನೆಯ ಜಾಗ ತಿಕೋಟಾ. ಅಲ್ಲಿ ಗೆಳೆಯ ಮಲ್ಲೇಶಪ್ಪನ ದ್ರಾಕ್ಷಿ ತೋಟವಿದೆ. ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಕೃಷಿ ಹೊಂಡ. ಸುತ್ತ ತಂತಿ ಬೇಲಿ. ನಿಂತ ತಿಳಿನೀರು. ನೋಡುವವರು ಯಾರೂ ಇಲ್ಲ! ಮಲ್ಲೇಶಪ್ಪನ ಷರತ್ತು ಒಂದೇ: "ಹಾಳಿ ಹರೀಬಾರದು. ಹರದ್ರ ನೀರ ಹೋತು, ನೀರ ಹೋದ್ರ ಬ್ಯಾಸಗ್ಯಾಗ ತ್ವಾಟ ಹೋತು."

ಮಗುಚಿದೆ. ಹುಟ್ಟು ಒತ್ತಿದೆ. ಸೊಂಟ ತಿರುಗಿಸಿದೆ. ಸೊಂಟ ತಿರುಗಿತು, ದೋಣಿ ತಿರುಗಲಿಲ್ಲ. ಉಸಿರು ಕಟ್ಟಿ, ಹೊದಿಕೆ ಕಿತ್ತು ಹೊರಬಂದು ದಂಡೆಗೆ ಈಜಿದೆ. ನಿಜವಾದ ತೊಂದರೆ ಶುರುವಾಗಿದ್ದೇ ಅಲ್ಲಿ. ಒದ್ದೆ ಪ್ಲಾಸ್ಟಿಕ್ಕಿನ ಇಳಿಜಾರು ಪಾಚಿಗಟ್ಟಿ ಬೆಣ್ಣೆಯಂತಾಗಿತ್ತು. ನಾಲ್ಕು ಹೆಜ್ಜೆ ಏರುವುದು, ಹೊಟ್ಟೆಯ ಮೇಲೆ ಜಾರಿ ಮತ್ತೆ ನೀರಿಗೆ. ಏರುವುದು, ಜಾರುವುದು. ಕೊನೆಗೆ ಮಲ್ಲೇಶಪ್ಪ ಹಗ್ಗ ಎಸೆದು, ಇಬ್ಬರು ಆಳುಗಳನ್ನು ಕರೆದು, ಬಾವಿಯಿಂದ ಕೊಡ ಸೇದುವಂತೆ ನನ್ನನ್ನು ಸೇದಿದ. ಮೇಲೆ ಬಂದು ಬಿದ್ದವನನ್ನು ದಾಟಿ ಹೋಗಿ, ಇಳಿಜಾರಿನ ಉದ್ದಕ್ಕೂ ಬಗ್ಗಿ ಬಗ್ಗಿ ನೋಡಿ ಬಂದ.

"ಏನೂ ಆಗಿಲ್ಲ ತಗೋರಿ" ಎಂದ ಸಮಾಧಾನದಿಂದ. ಹಾಳೆಯ ಬಗ್ಗೆ.

ಕೊನೆಯ ಭರವಸೆ ಬಬಲೇಶ್ವರದ ಕಡೆಯ ಒಂದು ಕೆರೆ. ಕಾಲುವೆ ನೀರು ಬಂದು ತುಂಬಿತ್ತು. ದಂಡೆ ಮಣ್ಣಿನದು, ಏರಬಹುದು. ಒಂದು ಕಡೆ ಇಬ್ಬರು ಗಂಡಸರು ಎಮ್ಮೆ ತೊಳೆಯುತ್ತಿದ್ದರು. ಇನ್ನೊಂದು ಕಡೆ ಹೆಂಗಸರು ಕೌದಿ ಒಗೆಯುತ್ತಿದ್ದರು. ನಾನು ದೂರ ಹೋಗಿ ಮಗುಚಿದೆ. ತಲೆ ನೀರಿಗೆ ಮುಟ್ಟಿತೋ ಇಲ್ಲವೋ, ಎಮ್ಮೆಯವರು ಧುಮುಕಿ ಬಂದು ನನ್ನನ್ನು ದೋಣಿ ಸಮೇತ ಎತ್ತಿ ನಿಲ್ಲಿಸಿದರು! ಧನ್ಯವಾದ ಹೇಳಿ, ಇನ್ನೂ ದೂರ ಹೋಗಿ ಮಗುಚಿದೆ. ಮತ್ತೆ ಎತ್ತಿದರು. ಈ ಸಲ ಅವರ ಮುಖದಲ್ಲಿ ಸ್ವಲ್ಪ ಬೇಸರವಿತ್ತು.

ಇಲ್ಲಿ ನನ್ನ ವೃತ್ತಿಯ ಶಿಸ್ತು ಜಾಗೃತವಾಯಿತು. ಗೊಂದಲಕ್ಕೆಲ್ಲ ಮಾಹಿತಿಯ ಕೊರತೆಯೇ ಕಾರಣ. ಸ್ಪಷ್ಟವಾಗಿ, ಮುಂಚಿತವಾಗಿ ತಿಳಿಸಿದರೆ ಮುಗಿಯಿತು. ದಂಡೆಗೆ ಬಂದು, ಕೌದಿ ಹಿಂಡುತ್ತಿದ್ದ ಹಿರಿಯ ಹೆಂಗಸು ಗಂಗವ್ವನಿಗೆ ಹೇಳಿದೆ:

"ಯವ್ವಾ, ಈಗ ನಾನು ನೀರಾಗ ತಲಿಕೆಳಗ ಆಗತೇನಿ. ಬೇಕಂತನ ಆಗತೇನಿ. ಯಾರೂ ಎತ್ತಬ್ಯಾಡ್ರಿ."

ಗಂಗವ್ವನ ಕೈ ನಿಂತಿತು. "ಬೇಕಂತನ?"

"ಹೌದು."

"ಯಾಕ ನನ್ನಪ್ಪಾ, ಮನ್ಯಾಗ ಏನರ ಆಗೇತೇನ?"

"ಮನ್ಯಾಗ ಏನಿಲ್ಲ ಬೇ. ಹ್ವಾದ ವರ್ಷ ಹೆಂಡ್ತಿ ಮಂದಿ ಮುಂದ ಮರ್ಯಾದಿ ಹೋತು. ಅದಕ್ಕ."

ಸುಳ್ಳು ಹೇಳುವುದು ನನಗೆ ಬರುವುದಿಲ್ಲ.

"ಅಯ್ಯ ನಿನ್ನ! ಇಷ್ಟಕ್ಕ ಹಿಂಗ ಮಾಡತಾರೇನ? ನನ್ನ ಗಂಡನ ಮರ್ಯಾದಿ ನಾನ ವಾರಕ್ಕೊಮ್ಮೆ ತಗೀತಿದ್ದೆ. ಎಂಬತ್ತು ವರ್ಷ ಬಾಳ್ಯಾನ!" ಎಂದಳು. ಆಮೇಲೆ ಧ್ವನಿ ಮೆತ್ತಗೆ ಮಾಡಿ, "ನಿನ್ನ ಮನಿ ಫೋನ್ ನಂಬರ ಹೇಳು ತಮ್ಮಾ" ಎಂದಳು.

ತುರ್ತು ಸಂಪರ್ಕದ ಸಂಖ್ಯೆ ಕೇಳುವಷ್ಟು ಸುರಕ್ಷತಾ ಪ್ರಜ್ಞೆ ಈ ದಂಡೆಯ ಮೇಲಿದೆಯಲ್ಲ ಎಂದು ಮೆಚ್ಚಿ ಶಾಂತಾಳ ನಂಬರ್ ಹೇಳಿದೆ. ಪಕ್ಕದ ಹುಡುಗಿ ಅದನ್ನು ಮೊಬೈಲಿಗೆ ಒತ್ತಿಕೊಂಡಳು.

ನೆಮ್ಮದಿಯಿಂದ ನೀರಿಗೆ ಹೋದೆ. ಮಗುಚಿದೆ. ಮತ್ತು ಇದನ್ನು ದಯವಿಟ್ಟು ನಂಬಿ: ಆ ಒಂದು ಸಲ ಎಲ್ಲವೂ ಕೂಡಿಬಂತು. ಹುಟ್ಟು ಹಿಡಿತಕ್ಕೆ ಸಿಕ್ಕಿತು. ಸೊಂಟ ತಿರುಗಿತು, ಅದರ ಜೊತೆ ದೋಣಿಯೂ ತಿರುಗಿತು! ಒಂದು ಕಣ್ಣು ನೀರಿನಿಂದ ಹೊರಬಂದು ಆಕಾಶ ಕಂಡಿತು. ಇನ್ನೊಂದು ಕಣ್ಣೂ ಇನ್ನೇನು ಬರಬೇಕು, ಅಷ್ಟರಲ್ಲಿ ಎಮ್ಮೆಗಳ ಮರೆಯಲ್ಲಿ ಹೊಂಚು ಹಾಕಿದ್ದ ಆ ಇಬ್ಬರು ಹಾರಿ ನನ್ನ ಕುತ್ತಿಗೆಗೆ ಗಂಟುಬಿದ್ದರು. ದೋಣಿ ಒಂದು ಕಡೆ, ನಾನು ಒಂದು ಕಡೆ.

"ಬಿಡ್ರೋ! ಬರಾಕತ್ತಿದ್ದೆ!" ಎಂದು ಕೂಗಿದೆ.

"ಬರ್ರಿ, ಬರ್ರಿ, ಎಲ್ಲಾ ಚಲೋ ಆಗತೈತಿ" ಎಂದು ಎಳೆದೊಯ್ದರು.

ಗಂಗವ್ವ ಒಣಗಿದ ಕೌದಿಯೊಂದನ್ನು ನನಗೆ ಸುತ್ತಿ, ಬುತ್ತಿಯ ರೊಟ್ಟಿ ಕೈಗಿಟ್ಟು, ಹುಡುಗಿಯ ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆ ಶಾಂತಾ ಅಳುತ್ತಿದ್ದಳು.

"ಏನ್ರಿ, ಮುಂಜಾನೆ ನಾ ಅಂದದ್ದು ಅಷ್ಟು ಮನಸಿಗೆ ಹಚ್ಕೊಂಡ್ರೇನ್ರಿ? ಇನ್ಮ್ಯಾಲೆ ಬದನಿಕಾಯಿ ಪಲ್ಯ ಮಾಡಂಗೇ ಇಲ್ಲ ಬಿಡ್ರಿ! ಸಂಗಣ್ಣ ಕಾರ್ ತಗೊಂಡು ಹೊಂಟಾನ, ಅಲ್ಲೇ ಕುಂದರ್ರಿ."

ಆಕೆ ಮುಂಜಾನೆ ಏನು ಅಂದಿದ್ದಳೋ ನನಗೆ ನೆನಪೇ ಇರಲಿಲ್ಲ. ಸಂಗಣ್ಣ ಬಂದ. ಈ ಸಲ ಅವನ ಫೋನ್ ಜೇಬಿನಲ್ಲೇ ಇತ್ತು. ದಾರಿಯುದ್ದಕ್ಕೂ ನಾನು ರೋಲಿನ ತಂತ್ರವನ್ನು ವಿವರಿಸಿದೆ. ಅವನು "ಹೂಂ ಮಾಮಾ, ಹೂಂ" ಎನ್ನುತ್ತ ಕಾರಿನ ಬಾಗಿಲು ಲಾಕ್ ಆಗಿದೆಯೇ ಎಂದು ಮತ್ತೆ ಮತ್ತೆ ನೋಡಿದ.

ಸಂಜೆ ಡೆಸ್ಕಿಗೆ ಬಂದರೆ ಬಬಲೇಶ್ವರದ ಬಿಡಿ ಸುದ್ದಿಗಾರ ಕಳಿಸಿದ ಸುದ್ದಿ ಕಾದಿತ್ತು: "ಕೆರೆಯಲ್ಲಿ ಮುಳುಗುತ್ತಿದ್ದ ವೃದ್ಧನ ರಕ್ಷಣೆ." ಹೆಸರು ತಿಳಿದುಬಂದಿಲ್ಲ, ವಯಸ್ಸು ಅಂದಾಜು ಎಪ್ಪತ್ತು. ನನಗೆ ಐವತ್ತನಾಲ್ಕು. ತಿದ್ದಬಹುದಿತ್ತು. ಆದರೆ ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ? ಎರಡು ಕಡೆ ವಿಚಾರಿಸದೆ ಪುಟಕ್ಕೆ ಬಿಟ್ಟ ಮೊದಲ ಸುದ್ದಿ ಅದು.

ದಾಂಡೇಲಿಗೆ ಹೋದೆವು. ಎಲ್ಲರೂ ಹೊಳೆಗಿಳಿದರು. "ಮಾಮಾ, ನೀವು ದಂಡಿ ಮ್ಯಾಲ ಕುಂತು ಚಪ್ಪಲಿ ನೋಡ್ಕೋರಿ" ಎಂದ ಸಂಗಣ್ಣ ಅತಿ ಪ್ರೀತಿಯಿಂದ. ಆ ವಿಡಿಯೋವನ್ನು ಗುಂಪಿನಿಂದ ತೆಗೆದುಹಾಕಿದ್ದಾನೆ. ಯಾರೂ ಅದರ ಮಾತೆತ್ತುವುದಿಲ್ಲ. ನನ್ನ ಎದುರು ನೀರು ಎಂಬ ಮಾತನ್ನೇ ಯಾರೂ ಎತ್ತುವುದಿಲ್ಲ. ಮನೆಯಲ್ಲಿ ಬದನೆಕಾಯಿಯೂ ನಿಂತಿದೆ. ಅದು ನನಗೆ ಬಹಳ ಇಷ್ಟದ ಪಲ್ಯವಾಗಿತ್ತು.

ಕಯಾಕನ್ನು ಈರಪ್ಪನವರಿಗೆ ಕೊಟ್ಟೆ. ಓಣಿಯ ದನಗಳು ಅದರಲ್ಲಿ ನೀರು ಕುಡಿಯುತ್ತವೆ. ಇದುವರೆಗೆ ಒಮ್ಮೆಯೂ ಮಗುಚಿಲ್ಲ.