ಕಿರಂಗೂರಿನ ಶನಿವಾರದ ಸರ್ಜರಿ

ಸ್ಕಾಟ್ಲೆಂಡಿನ ಮಾಜಿ ಶಾಸಕರೊಬ್ಬರು ಕಿರಂಗೂರಿನ ಜಗಲಿಯ ಮೇಲೆ ಕುಳಿತು ಸತ್ತವರ ಅಹವಾಲು ಕೇಳುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಮ್ಮ ಶಾಸಕರು ಬದುಕಿರುವವರ ಅಹವಾಲು ಕೇಳುತ್ತಾರೆ ಎಂದರೂ ನೀವು ನಗುವವರೇ ತಾನೆ?

ಊರಿನವರು ಅವರನ್ನು 'ದೊರೆ' ಎನ್ನುತ್ತಾರೆ. ಬಿಳಿ ಚರ್ಮ ಕಂಡೊಡನೆ ದೊರೆತನವನ್ನು ಆರೋಪಿಸುವ ಈ ಗುಲಾಮಗಿರಿಯನ್ನು ನಾನು ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ ಸಭೆ ಸಭೆಯಲ್ಲೂ ಖಂಡಿಸಿದ್ದೇನೆ. ಫಲವೇನು? ಈಗ ನಾನೂ ದೊರೆ ಎಂದೇ ಕರೆಯುತ್ತೇನೆ. ಬೇರೆ ಹೆಸರಿಗೆ ಅವರು ತಿರುಗಿಯೇ ನೋಡುವುದಿಲ್ಲ!

ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರ ಮಗ ಅವರು. ಶಾಲಾ ಮೇಷ್ಟರಾಗಿ, ಕಾರ್ಮಿಕ ಸಂಘದ ಮುಂದಾಳಾಗಿ, ಕೊನೆಗೆ ಎಡಿನ್‌ಬರೋದ ಶಾಸನಸಭೆಗೆ ಆರಿಸಿ ಹೋದರು. ದ್ವೀಪವೊಂದರ ಪುಟ್ಟ ಆಸ್ಪತ್ರೆಯನ್ನು ಮುಚ್ಚಲು ಸ್ವಂತ ಪಕ್ಷವೇ ಹೊರಟಾಗ, ಎದ್ದು ನಿಂತು ಪಕ್ಷದ ವಿರುದ್ಧವೇ ಮತ ಹಾಕಿದರು. ಆಸ್ಪತ್ರೆ ಉಳಿಯಿತು, ಟಿಕೆಟ್ ಹೋಯಿತು. ಪಕ್ಷೇತರರಾಗಿ ನಿಂತರು, ಠೇವಣಿಯೂ ಹೋಯಿತು. ಆಮೇಲೆ, ಟಿಪ್ಪುವಿನ ವಿರುದ್ಧ ದಂಡೆತ್ತಿ ಬಂದಿದ್ದ ತಮ್ಮ ಪೂರ್ವಿಕನೊಬ್ಬನ ಸಮಾಧಿಯನ್ನು ಹುಡುಕಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದರು. ಹೊಳೆಯ ದಂಡೆಯ ಹಳೆಯ ಗೋರಿಗಳಲ್ಲಿ ಅದು ಸಿಗಲಿಲ್ಲ. ಕಿರಂಗೂರಿನಲ್ಲಿ ಬಡಗಿ ಆಚಾರಿಯ ಮನೆ ಬಾಡಿಗೆಗೆ ಸಿಕ್ಕಿತು. ಅಂದಿನಿಂದ ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಮೊದಲ ಭೇಟಿಯಲ್ಲಿಯೇ ನಾನು ನೇರವಾಗಿ ಪ್ರಶ್ನಿಸಿದೆ: "ನಿಮ್ಮ ಪೂರ್ವಿಕ ನಮ್ಮ ನಾಡನ್ನು ಲೂಟಿ ಮಾಡಲು ಬಂದವನಲ್ಲವೇ?"

"ಊಂ ಕಣವ್ವ," ಎಂದರು ದೊರೆ. "ಬಂದ, ಲೂಟಿ ಮಾಡ್ದ, ಬೇದಿ ಹತ್ಕಂಡು ಸತ್ತ."

ಸಾಮ್ರಾಜ್ಯಶಾಹಿಯ ಕುರಿತು ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣವೆಲ್ಲ ವ್ಯರ್ಥವಾಯಿತು!

ಅವರ ಕನ್ನಡ ಪೂರ್ತಿಯಾಗಿ ಆಚಾರಿಯ ಕೆಲಸದ ಕೊಟ್ಟಿಗೆಯಲ್ಲಿ ಕಲಿತದ್ದು. ಮರ ಕುಯ್ಯುವ ಗಂಡಸರು ತಮ್ಮತಮ್ಮಲ್ಲಿ ಬಹುವಚನ ಬಳಸುವುದುಂಟೆ? ಹಾಗಾಗಿ ಬಹುವಚನವೆಂಬುದೊಂದು ಇದೆಯೆಂದೇ ದೊರೆಗೆ ತಿಳಿಯದು. ಬಸ್ಸು ನಿಲ್ಲಿಸದ ಅನ್ಯಾಯದ ಬಗ್ಗೆ ಮನವಿ ಕೊಡಲು ಒಮ್ಮೆ ಅವರನ್ನು ತಾಲ್ಲೂಕು ಕಚೇರಿಗೆ ಕರೆದೊಯ್ದೆ. ಒಳಗೆ ಕಾಲಿಟ್ಟವರೇ ಕೈಮುಗಿದು, "ಏನ್ಲಾ ತಾಸಿಲ್ದಾರಪ್ಪ, ಚೆಂದಾಗಿದ್ದೀಯೇನ್ಲಾ?" ಎಂದುಬಿಟ್ಟರು. ನಾನು ಮನವಿಪತ್ರವನ್ನು ಮುಖಕ್ಕೆ ಅಡ್ಡ ಹಿಡಿದೆ. ತಹಶೀಲ್ದಾರರು ತಟ್ಟನೆ ಎದ್ದು ಕುರ್ಚಿ ಹಾಕಿಸಿದರು. ಇಷ್ಟು ಧೈರ್ಯವಾಗಿ ಮಾತನಾಡುವವರು ಮಂತ್ರಿಗಳ ಕಡೆಯವರೇ ಇರಬೇಕೆಂದು ಭಾವಿಸಿದರಂತೆ!

ಅವರ ದೇಶದಲ್ಲಿ ಶಾಸಕರು ವಾರಕ್ಕೊಮ್ಮೆ ಕುಳಿತು ಜನರ ಕಷ್ಟ ಕೇಳುವುದಕ್ಕೆ 'ಸರ್ಜರಿ' ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಜನತಾ ದರ್ಶನವೆಂದು ಹೆಸರು. ಯಾರು ಯಾರಿಗೆ ದರ್ಶನ ಕೊಡುತ್ತಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ದೊರೆಗೆ ಹಳೆಯ ಅಭ್ಯಾಸ ಬಿಡಲಿಲ್ಲ. ಆಚಾರಿಯಿಂದ ಹಲಗೆ ಬರೆಸಿ ತೂಗು ಹಾಕಿದರು: 'ಪ್ರತಿ ಶನಿವಾರ ಸರ್ಜರಿ. ಉಚಿತ.'

ಮುಂದಿನದನ್ನು ನೀವು ಊಹಿಸಬಲ್ಲಿರಿ. ಮಂಡಿನೋವಿನವರು ಬಂದರು, ಹರ್ನಿಯಾದವರು ಬಂದರು. ನಾಗಮಂಗಲದಾಚೆಯ ಬಿಂಡಿಗನವಿಲೆಯಿಂದ ಒಬ್ಬ ಕುಂಟು ಕುರಿಯನ್ನು ಬಸ್ಸಿನಲ್ಲಿ ಹೊತ್ತು ತಂದ. ದೊರೆ ಯಾರನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ಮಂಡಿನೋವಿನ ಅಜ್ಜಿಯನ್ನು, "ಎಲ್ಲೆಲ್ಲಿ ಓಡಾಡ್ದೆ ಯೋಳವ್ವ," ಎಂದು ಕೇಳಿದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಕಥೆ ಹೊರಬಿತ್ತು. ವ್ಯವಸ್ಥೆಯ ರೋಗ ಬಡವರ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆಂದು ನನಗೆ ಸ್ಪಷ್ಟವಾದದ್ದು ಅಂದೇ. ಕುರಿಯ ವಿಷಯ ಮಾತ್ರ ಬೇರೆ. ಅದಕ್ಕೆ ನಿಜವಾಗಿಯೂ ಮುಳ್ಳು ಚುಚ್ಚಿತ್ತು!

ಎಲ್ಲರೂ ಹೊರಟುಹೋದ ಮೇಲೆ ಮುಸ್ಸಂಜೆಯಲ್ಲಿ ದೊರೆ ಎದುರಿನ ಖಾಲಿ ಕುರ್ಚಿಯನ್ನು ನೋಡಿ, "ಬಾರಪ್ಪ ಮುಂದ್ಕೆ," ಎನ್ನುತ್ತಿದ್ದರು. ಸುಮ್ಮನೆ ಕೇಳುತ್ತಿದ್ದರು. ತಲೆದೂಗುತ್ತಿದ್ದರು. ಬೀದಿನಾಯಿಗಳು ಆ ಹೊತ್ತಿನಲ್ಲಿ ಜಗಲಿಯನ್ನು ದೂರದಿಂದ ಬಳಸಿಕೊಂಡು ಹೋಗುತ್ತಿದ್ದವು. ಕೊನೆಗೆ ಕುರ್ಚಿ ಒಮ್ಮೆ ಕಿರ್ ಎನ್ನುತ್ತಿತ್ತು.

ಇದು ಮೌಢ್ಯವೆಂದು ನಾನು ತಕರಾರು ತೆಗೆದೆ. "ಸತ್ತೋರ್ಗೆ ಓಟಿಲ್ಲ ಕಣವ್ವ, ಅದ್ಕೇ ಅವ್ರ ಮಾತ ಯಾರೂ ಕೇಳಕಿಲ್ಲ," ಎಂದರು ದೊರೆ. ಮರ ಹಿಗ್ಗಿ ಕುಗ್ಗಿ ಸದ್ದು ಮಾಡುತ್ತದೆಂದು ಆಚಾರಿಗಾದರೂ ತಿಳಿಸಿಕೊಡಲು ಹೋದೆ. ಅವನು ಧ್ವನಿ ತಗ್ಗಿಸಿ ಹೇಳಿದ: "ಆ ಕುರ್ಚಿ ಮಾಡ್ದೋನೇ ನಾನು ಅಕ್ಕ. ಕೂತ್ರೆ ಅದು ಕಿರ್ ಅನ್ನಕಿಲ್ಲ. ಎದ್ರೆ ಅಂತದೆ."

ಇಂಥ ಶನಿವಾರವೊಂದರಲ್ಲಿ ಚಿನಕುರಳಿಯ ಜವರಮ್ಮ ಬಂದಳು. ಅವಳ ಗಂಡ ಕಲ್ಲುಗಣಿಯಲ್ಲಿ ಕೂಲಿ. ಸಿಡಿಮದ್ದಿಟ್ಟ ದಿನ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ. ಹಾಜರಿ ಪುಸ್ತಕವಿಲ್ಲದೆ, ತಲೆಗೊಂದು ಟೋಪಿಯೂ ಇಲ್ಲದೆ ದುಡಿಸುತ್ತಿದ್ದ ಗುತ್ತಿಗೆದಾರ, "ಅವತ್ತು ಅವನು ಬರ್ಲೇ ಇಲ್ಲ, ಯಾರ್ನೋ ಕಟ್ಕಂಡು ಓಡೋಗವ್ನೆ," ಎಂದುಬಿಟ್ಟ. ಪೊಲೀಸರೂ ಅದನ್ನೇ ಹಾಡಿದರು. ಕಾಣೆಯಾದವನಿಗಿಂತ ದೊಡ್ಡ ಶಿಕ್ಷೆ ಅವಳಿಗಾಯಿತು: ಅವಳು ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ, ಓಡಿಹೋದವನ ಹೆಂಡತಿ.

ಆದರೆ ಅವಳು ದೂರು ಹೇಳಲು ಬಂದವಳಲ್ಲ. "ಕಿವಿ ಆಪ್ರೇಸನ್ ಮಾಡ್ಬುಡಿ ಸೋಮಿ," ಎಂದಳು. "ಗಣಿ ನಿಂತೋಗದೆ, ಅಲ್ಲಿ ಯಾರೂ ಇಲ್ಲ. ಆದ್ರೂ ದಿನಾ ಸಂಜೆ ಅವನು ಕಲ್ಲು ಕುಟ್ಟೋದು ಕೇಳ್ತದೆ. ತಡ್ಕಳಕ್ಕಾಯ್ತಿಲ್ಲ."

ನಾವು ಮೂವರೂ ಚಿನಕುರಳಿಗೆ ಹೋದೆವು. ಗಣಿಯ ಹೊಂಡದಲ್ಲಿ ಮಳೆನೀರು ಕಪ್ಪಗೆ ನಿಂತಿತ್ತು. ಹೊತ್ತು ಮುಳುಗಿತು. ಹಕ್ಕಿಯ ಸದ್ದೂ ಇಲ್ಲ. ಬಿಸಿಲಿಗೆ ಕಾದ ಬಂಡೆ ತಣಿಯುವಾಗ ಬಿರಿಯುವುದು ಸಹಜವೆಂದು ನಾನು ಜವರಮ್ಮನಿಗೆ ವೈಜ್ಞಾನಿಕವಾಗಿ ವಿವರಿಸತೊಡಗಿದೆ.

ಟಕ್ ಟಕ್.

ನನ್ನ ವಿಜ್ಞಾನ ಅರ್ಧಕ್ಕೆ ನಿಂತಿತು. ಕೊಂಚ ಬಿಡುವು ಕೊಟ್ಟು ಮತ್ತೆ ಎರಡೇ ಏಟು, ಟಕ್ ಟಕ್. ತಣಿಯುವ ಬಂಡೆಗೂ ತಾಳಜ್ಞಾನವಿರುತ್ತದೆಯೇ? ಗಾಳಿಯಿಲ್ಲದಿದ್ದರೂ ನೀರಿನ ಮೇಲೆ ಉಂಗುರವೊಂದು ಮೂಡಿ ನಿಧಾನವಾಗಿ ದಡಕ್ಕೆ ಬಂತು. ದೊರೆ ಹೊಂಡದ ಅಂಚಿಗೆ ಹೋಗಿ ಬಗ್ಗಿ, ಪರಿಚಯದವನೊಡನೆ ಮಾತನಾಡುವಂತೆ ಹೇಳಿದರು: "ಕೇಳುಸ್ತು ಕಣ್ಲಾ. ತಡಿ, ಬತ್ತೀವಿ."

ಮರುದಿನದಿಂದ ದೊರೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಠಿಕಾಣಿ ಹೂಡಿದರು. ಇನ್‌ಸ್ಪೆಕ್ಟರು ಒಳಗೆ ಬಂದಾಗಲೊಮ್ಮೆ, ಹೊರಗೆ ಹೋದಾಗಲೊಮ್ಮೆ, ಸಿಬ್ಬಂದಿಯೆದುರಿನಲ್ಲಿಯೇ, "ಏನ್ಲಾ ಇನಿಸ್ಪೆಟ್ರಪ್ಪ, ನೀರ್ ತೆಗ್ಸುದ್ಯೇನ್ಲಾ?" ಎಂದು ಅಕ್ಕರೆಯಿಂದ ವಿಚಾರಿಸುತ್ತಿದ್ದರು. ಕಾನ್‌ಸ್ಟೇಬಲ್‌ಗಳು ಮುಖ ತಿರುಗಿಸಿ ನಗತೊಡಗಿದರು. ನನ್ನ ಧರಣಿಗಳಿಗೂ ಘೋಷಣೆಗಳಿಗೂ ಜಗ್ಗದ ವ್ಯವಸ್ಥೆ ಆ ಒಂದು 'ಲಾ'ಗೆ ಜಗ್ಗಿತು! ಹೊಂಡಕ್ಕೆ ಪಂಪು ಇಳಿಸಿದರು.

ಉರುಳಿದ ಬಂಡೆಯ ಅಡಿಯಲ್ಲಿ ಅವನಿದ್ದ. ಪಕ್ಕದಲ್ಲಿ ಸುತ್ತಿಗೆಯಿತ್ತು. ಗುತ್ತಿಗೆದಾರನ ಮೇಲೆ ಮೊಕದ್ದಮೆ ದಾಖಲಾಯಿತು. ಜವರಮ್ಮ ಗಂಡನನ್ನು ಮಣ್ಣು ಮಾಡಿದಳು, ಊರಿನವರೆಲ್ಲ ಬಂದು ಮಣ್ಣು ಹಾಕಿದರು. ಅಲ್ಲಿಗೆ ನ್ಯಾಯ ಸಂದಿತೆಂದು ನಾನು ಭಾವಿಸಿದೆ.

ಮುಂದಿನ ಶನಿವಾರ ಜವರಮ್ಮ ಮತ್ತೆ ಜಗಲಿಗೆ ಬಂದು ನಿಂತಳು.

"ಏನವ್ವ, ಇನ್ನೂ ಕೇಳ್ತದಾ?" ಎಂದರು ದೊರೆ.

"ಇಲ್ಲ ಸೋಮಿ. ಒಸಿನೂ ಕೇಳಕಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದಳು. "ಒಂದ್ಸಲ ಕೇಳಂಗೆ ಮಾಡಕ್ಕಾಯ್ತದಾ?"

ದೊರೆ ಎದ್ದು ಬಂದು, ಮೆಟ್ಟಿಲಿನ ಮೇಲೆ ಅವಳನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು. "ಎಂಗಿದ್ದ ಯೋಳವ್ವ ಅವನು," ಎಂದರು.

"ಅವ್ನಾ? ಮೂಗ್ನಂಗೆ ಸೋಮಿ, ಮಾತೇ ಆಡ್ತಿರ್ನಿಲ್ಲ." ಜವರಮ್ಮ ಮೊದಲ ಬಾರಿಗೆ ನಕ್ಕಳು. "ಮನೆಗ್ ಬಂದ್ರೆ ನನ್ನೆಸ್ರು ಕೂಗಕ್ಕೂ ನಾಚ್ಕೆ. ಬಾಗ್ಲಲ್ ನಿಂತ್ಕಂಡು ಕಂಬಕ್ಕೆ ಬೆಳ್ಳಲ್ಲಿ ಎಲ್ಡ್ ಸಲ ಕುಟ್ಟೋನು. ನಾನೇ ಎದ್ದೋಗಿ, ಬಂದ್ಯಾ ಅನ್ಬೇಕಿತ್ತು."